ಒಂದೇ ಕಾರ್ಡಿನಲ್ಲಿ ಎರಡು ದಿನದ ಬಿಸಿಲು

ಸತ್ತವರು ಬಿಟ್ಟುಹೋದ ಪೆಟ್ಟಿಗೆ ತೆಗೆಸಲು ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆದರೂ ಕಾಲೇಜಿನ ಶರತ್ ಮೂರನೇ ಸಲ ಬಂದಾಗ ತೆಗೆದುಕೊಟ್ಟೆ. ನಮ್ಮವರು, ಗುಡ್ಡಪ್ಪ, ಶಿಕಾರಿಪುರದ ಹತ್ತಿರ ಹವಾಮಾನ ಕೇಂದ್ರದಲ್ಲಿ ಬಿಸಿಲು ಅಳೆಯುತ್ತಿದ್ದರು. ಕಚೇರಿಯವರು ಎಸೆಯಹೊರಟ ಹಳೇ ಕಾರ್ಡುಗಳನ್ನೆಲ್ಲ ಮನೆಗೆ ತಂದು ಆ ಪೆಟ್ಟಿಗೆಯಲ್ಲಿಟ್ಟಿದ್ದರು. ಅವರು ಹೋಗಿ ಈಗ ವರ್ಷವಾಯಿತು.

ಗಾಜಿನ ಗುಂಡಿನಿಂದ ಹಾಯ್ದ ಬಿಸಿಲು ಕಾರ್ಡಿನ ಮೇಲೆ ಗೆರೆ ಸುಡುತ್ತದೆ. ಗೆರೆ ಎಷ್ಟುದ್ದವೋ ಅಷ್ಟು ಗಂಟೆ ಬಿಸಿಲು. ಅದರಿಂದ ನೆಲಕ್ಕೆ ಬಿದ್ದ ಸೂರ್ಯನ ಶಾಖ ಎಷ್ಟೆಂದು ಅಂದಾಜು ಮಾಡುವುದು ಶರತ್‌ನ ಕೆಲಸ.

ದಿನಾ ಹೊತ್ತು ಮುಳುಗಿದ ಮೇಲೆ ಕಾರ್ಡು ಬದಲಿಸಬೇಕು. ಆ ಕಾರ್ಡೇ ನನ್ನ ಮಗಳನ್ನು ತಿಂದಿತು ಎಂದು ನಂಬಿದ್ದೆ. ಹನ್ನೊಂದು ವರ್ಷದ ಹಿಂದೆ, ಮಾರ್ಚಿನಲ್ಲಿ, ನಾನು ಕುಪ್ಪಗಡ್ಡೆಯ ತವರಿಗೆ ಹೋಗಿದ್ದಾಗ ಏಳು ವರ್ಷದ ಸುಷ್ಮಿತಾಗೆ ಜ್ವರ ನೆತ್ತಿಗೇರಿತು. ಶಿವಮೊಗ್ಗದ ದಾರಿಯಲ್ಲೇ ಜೀವ ಹೋಯಿತು. ಮಧ್ಯಾಹ್ನವೇ ಹೊರಟಿದ್ದೆ ಎಂದರು ಇವರು. ನಾನು ಕಚೇರಿಗೆ ನುಗ್ಗಿ ರಿಜಿಸ್ಟರ್ ನೋಡಿದೆ. ಅವತ್ತು ಸಂಜೆ ಆರೂಮುಕ್ಕಾಲಿಗೆ ಕಾರ್ಡು ಬದಲಿಸಿದ್ದಕ್ಕೆ ಇವರದೇ ಸಹಿ ಇತ್ತು.

"ಕಾರ್ಡಿಗೆ ಕಾದು ಕೂಸನ್ನ ಕೊಂದ್ರಿ" ಅಂದೆ.

"ಮಣ್ಣು ಮಾಡಿ ಬಂದ ಮೇಲೆ ಬರ್ದಿದ್ದು ಕಣೆ. ಖಾಲಿ ಬಿಟ್ರೆ ಮೆಮೊ ಕೊಡ್ತಾರೆ."

ಕೂಸಿನ ಮಣ್ಣು ಕೈಯಲ್ಲಿರುವಾಗ ಯಾರಾದರೂ ರಿಜಿಸ್ಟರ್ ತುಂಬುತ್ತಾರೆಯೇ? ಅವರು ಆ ದಿನದ ಕಾರ್ಡು ತೋರಿಸಲು ಬಂದರು. "ಆ ದರಿದ್ರ ನನ್ ಕಣ್ಣಿಗೆ ಬೀಳಬಾರ್ದು" ಎಂದು ಬಾಗಿಲು ಹಾಕಿಕೊಂಡೆ. ಅವತ್ತೇ ಮಾತು ಬಿಟ್ಟೆ.

ಶರತ್ ಒಂದು ಕಾರ್ಡನ್ನು ಬೆಳಕಿಗೆ ಹಿಡಿದು ಮುಖ ಸಿಂಡರಿಸಿದ.

"ಇದು ಲೆಕ್ಕಕ್ಕೆ ಬರಲ್ಲ ಬಿಡ್ರೀ ಅಮ್ಮ. ಎರಡು ದಿನದ ಗೆರೆ ಒಂದರ ಪಕ್ಕ ಒಂದು ಬಿದ್ದಾವೆ. ಸಂಜೆ ಯಾರೂ ಕಾರ್ಡು ತೆಗ್ದೇ ಇಲ್ಲ."

"ಯಾವ ತಾರೀಖಪ್ಪ?"

ಹೇಳಿದ. ಸುಷ್ಮಿತಾ ಹೋದ ದಿನ.

"ಬದಲಾಯ್ಸಿದ್ದು ಅಂತ ರಿಜಿಸ್ಟರಲ್ಲಿ ಬರ್ದೈತಲ್ಲ?"

"ರಿಜಿಸ್ಟರಲ್ಲಿ ಏನ್ ಬೇಕಾದ್ರೂ ಬರೀಬಹುದು ರೀ. ಸುಟ್ಟ ಗೆರೆ ಸುಳ್ಳು ಹೇಳಲ್ಲ."

ಅವನು ಅದನ್ನು ಬೇಡದ ರಾಶಿಗೆ ಹಾಕಿದ. ನಾನು ಎತ್ತಿಕೊಂಡೆ. ಮಗುವನ್ನು ಎತ್ತಿಕೊಂಡು ಓಡಿದ್ದರು ನಮ್ಮವರು, ಕಾರ್ಡಿನ ನೆನಪೂ ಇಲ್ಲದೆ.

ಹತ್ತು ವರ್ಷ ಅವರ ಮುಂದೆ ತಟ್ಟೆ ಕುಕ್ಕಿದೆ. ಸಾಯುವ ಹಿಂದಿನ ದಿನ, "ಒಂಚೂರು ನೀರು ಕೊಡು ಈಶ್ವರಿ" ಅಂದರು. ಚೊಂಬನ್ನು ಪಕ್ಕದಲ್ಲಿಟ್ಟು, ಮುಖ ನೋಡದೆ ಒಳಗೆ ಹೋದೆ.