ಮಗ್ಗದ ಪಕ್ಕದ ಗೋಡೆ

ರಾಮಲಿಂಗಯ್ಯನಿಗೆ ಗೋಡೆಯೇ ಡೈರಿ. ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟು ಕೂತ ನೇಕಾರ ಮಾತುಮಾತಿಗೂ ಎದ್ದುಹೋಗಿ ಬೀರು ತೆಗೆಯಲಾರ. ಹಾಗಾಗಿ ಎಡಗೈಗೆ ಎಟಕುವ ಸುಣ್ಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಎಲ್ಲವನ್ನೂ ಬರೆದಿಟ್ಟುಕೊಳ್ಳುತ್ತಿದ್ದ. ಹಾಸಿನ ಎಳೆಗಳ ಲೆಕ್ಕ, ಜರಿ ತಂದ ತಾರೀಕು, ಗ್ಯಾಸಿನವನ ನಂಬರು. ಈಚೆಗೆ ಕಂಡಕಂಡ ಕಚೇರಿಯವರೆಲ್ಲ ಆಧಾರ್ ಕೇಳತೊಡಗಿದ ಮೇಲೆ ಅದರ ಹನ್ನೆರಡು ಅಂಕಿಗಳೂ ಅಲ್ಲಿಗೇ ಬಂದವು. ಬ್ಯಾಂಕಿನ ಹೆಸರು, ಖಾತೆ ನಂಬರು, ಸರ್ಕಾರ ಒಪ್ಪಿಕೊಂಡಿರುವ ಹುಟ್ಟಿದ ದಿನಾಂಕ ಕೂಡ. ಕೊಳ್ಳೇಗಾಲದ ಆ ಬೀದಿಯಲ್ಲಿ ಮಗ್ಗವಿದ್ದ ಮನೆಗಳಲ್ಲೆಲ್ಲ ಇಂಥದೊಂದು ಗೋಡೆ ಇತ್ತು. ಓದಿಕೊಂಡು ಹೋಗುವವರು ಯಾರೂ ಇರಲಿಲ್ಲ, ಅಷ್ಟೆ.

ಮೈಸೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಮಗಳು ಮೇಘನಾ ರಜೆಗೆ ಬಂದವಳು, ಮಗ್ಗದ ಮೇಲಿದ್ದ ಗಿಣಿಹಸಿರು ಸೀರೆಯ ನಲವತ್ತು ಸೆಕೆಂಡಿನ ವಿಡಿಯೊ ಮಾಡಿ ಇನ್‌ಸ್ಟಾಗ್ರಾಮಿಗೆ ಹಾಕಿದಳು. ದಲ್ಲಾಳಿಯ ಹಂಗಿಲ್ಲದೆ ಸೀರೆ ಮಾರಲಿ ಎಂದು ಅಪ್ಪನ ಮೊಬೈಲ್ ನಂಬರನ್ನೂ ಕೆಳಗೆ ಕೊಟ್ಟಳು. ಎರಡು ದಿನದಲ್ಲಿ ಹನ್ನೊಂದು ಸಾವಿರ ಜನ ನೋಡಿದರು. ತಾಯಿ ಚಿಕ್ಕತಾಯಮ್ಮ ಆ ಸಂಖ್ಯೆಯನ್ನು ನಲ್ಲಿಯ ಹತ್ತಿರ ದಿನಕ್ಕೆರಡು ಸಲ ಹೇಳಿ ಬರುತ್ತಿದ್ದಳು. ಪ್ರತಿ ಸಲವೂ ಅದು ಸ್ವಲ್ಪ ಬೆಳೆದಿರುತ್ತಿತ್ತು.

ಬುಧವಾರ ಹನ್ನೊಂದರ ಹೊತ್ತಿಗೆ ಫೋನು ಬಂತು. ಸೀರೆ ಗಿರಾಕಿಯೆಂದು ರಾಮಲಿಂಗಯ್ಯ ಲಾಳಿ ಕೆಳಗಿಟ್ಟು, ಸ್ಪೀಕರ್ ಒತ್ತಿದ. ಗಿರಾಕಿಯಲ್ಲ. ಬ್ಯಾಂಕಿನ ಹೆಡ್ಡಾಫೀಸಿನವರಂತೆ. ರೇಡಿಯೊ ವಾರ್ತೆಯಂಥ ಕನ್ನಡ. ಕೆವೈಸಿ ಮಾಡಿಸದ ಕಾರಣ ನಿಮ್ಮ ಖಾತೆ ಈ ದಿನ ಹನ್ನೆರಡಕ್ಕೆ ಮುಚ್ಚಿಹೋಗುತ್ತದೆ, ಆಮೇಲೆ ಆರು ತಿಂಗಳು ಹಣ ಬಿಡಿಸುವಂತಿಲ್ಲ ಎಂದರು.

ರಾಮಲಿಂಗಯ್ಯ ಫೋನನ್ನು ಹತ್ತಿರಕ್ಕೆ ಎಳೆದುಕೊಂಡ. ಆ ಖಾತೆಯಲ್ಲಿದ್ದದ್ದು ಮೇಘನಾಳ ಕೊನೇ ವರ್ಷದ ಫೀಸು. ಕಟ್ಟಲು ಸೋಮವಾರವೇ ಕಡೇ ದಿನ. ಕಟ್ಟದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ.

ಆದರೂ ಅವನೇನು ಪೆದ್ದನಲ್ಲ. ನೀವು ಬ್ಯಾಂಕಿನವರೇ ಅಂತ ನಂಬುವುದು ಹೇಗೆ ಎಂದು ಕೇಳಿದ. ಆ ಕಡೆಯವರು ಬೇಸರಪಡಲಿಲ್ಲ. ಖಾತೆ ನಂಬರು ಓದಿದರು. ರಾಮಲಿಂಗಯ್ಯ ಗೋಡೆ ನೋಡಿದ, ಸರಿಯಿತ್ತು. ಹುಟ್ಟಿದ ದಿನಾಂಕ ಓದಿದರು, ಸರಿಯಿತ್ತು. ಆಧಾರ್ ಓದಿದರು. ಅವನು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟು ತಾಳೆ ನೋಡಿದ. ಹನ್ನೆರಡರಲ್ಲಿ ಒಂದೂ ತಪ್ಪಿರಲಿಲ್ಲ. ಅನುಮಾನಪಟ್ಟದ್ದಕ್ಕೆ ಅವನಿಗೇ ನಾಚಿಕೆಯಾಯಿತು. ಈಗ ಮೊಬೈಲಿಗೆ ಆರು ಅಂಕಿಯ ಓಟಿಪಿ ಬರುತ್ತದೆ, ಅದನ್ನು ಹೇಳಿ ಎಂದರು.

ಕಂಡಿಕೆಗೆ ನೂಲು ಸುತ್ತುತ್ತ ಕೂತಿದ್ದ ಚಿಕ್ಕತಾಯಮ್ಮ, "ಅದೇನು ಓಟಿಪಿ ಬಂದದೆ ಅಂತಾರೋ ಯೋಳ್ಬುಡಿ. ಅವ್ರ್ಗೂ ಮಾಡಾಕೆ ಕೆಲ್ಸ ಇರಕಿಲ್ವಾ?" ಎಂದಳು.

ಮೆಸೇಜು ಬಂದಿತ್ತು. ಕನ್ನಡಕ ಹಣೆಗೇರಿಸಿ ಒಂದೊಂದೇ ಅಂಕಿ ಹೇಳಿದ. ಏಳು. ಮೂರು. ಸೊನ್ನೆ. ಒಂಬತ್ತು. ಅಷ್ಟರಲ್ಲಿ ಪರದೆಯ ಬೆಳಕು ಆರಿತು. ಬೆಳಕು ಬರಿಸಲು ಬೆರಳು ಒತ್ತುತ್ತಿರುವಾಗ ಆ ಕಡೆಯ ದನಿಗೆ ಅವಸರ ಹತ್ತಿತು. "ಗಾಬರಿ ಬೇಡ, ಎಲ್ಲ ನಮ್ಮ ಕಂಪ್ಯೂಟರಿನಲ್ಲೇ ಇದೆ. ನಿಮ್ಮ ಕಸ್ಟಮರ್ ಐಡಿ ನಾಲ್ಕು ಸಾವಿರದ ಆರುನೂರ ಇಪ್ಪತ್ತು, ಅಲ್ಲವೇ? ಉಳಿದ ಎರಡು ಅಂಕಿ ಹೇಳಿ."

ರಾಮಲಿಂಗಯ್ಯ ಮತ್ತೆ ಗೋಡೆ ನೋಡಿದ. ಅದೂ ಇತ್ತು, ಆಧಾರಿನ ಕೆಳಗೇ. ಎಂಟು ದಿನದ ಹಿಂದೆ, ಈ ಹಸಿರು ಸೀರೆಯ ಹಾಸು ಹೂಡಿದಾಗ ಅವನೇ ಬರೆದದ್ದು. ಹಾಸಿನಲ್ಲಿ ಎಷ್ಟು ಎಳೆ ಎಂಬ ಲೆಕ್ಕ. ಅದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

"ಸಾ," ಎಂದ. "ಅದು ಸೀರೆ ಎಳೆ ಲೆಕ್ಕ ಕಣ್ರಿ. ಬ್ಯಾಂಕಿಗೆ ಯಂಗೆ ಗೊತ್ತು?"

ಆ ಕಡೆಯಿಂದ ಫೋನು ಕಟ್ಟಾಯಿತು.

ಸ್ಪೀಕರಿನ ಮಾತು ಕಿವಿಗೆ ಬಿದ್ದು ಹಿತ್ತಲಿನಿಂದ ಒದ್ದೆ ಕೈಯಲ್ಲೇ ಓಡಿಬಂದ ಮೇಘನಾ ಕೇಳಿದ್ದು ಒಂದೇ: ಎಷ್ಟು ಅಂಕಿ ಹೇಳಿದಿರಿ? ನಾಲ್ಕು ಎಂದ. ಐದು ಇದ್ದರೂ ಇರಬಹುದು ಎನ್ನಿಸಿ ಮತ್ತೆ ಲೆಕ್ಕ ಹಾಕಿದ. ಸಾವಿರಾರು ಎಳೆಯ ಲೆಕ್ಕ ತಪ್ಪದವನಿಗೆ ಆರರೊಳಗಿನ ಲೆಕ್ಕ ತಪ್ಪುತ್ತಿತ್ತು. ಮಗಳು ಸೈಬರ್ ಸಹಾಯವಾಣಿಗೆ ಫೋನು ಮಾಡಿದಳು, ಬ್ಯಾಂಕಿಗೆ ಮಾಡಿದಳು. ಪಾಳಿ ಬರುವ ತನಕ ಪಿಟೀಲು ಕೇಳಿಸುತ್ತಿತ್ತು. ಮೂವರೂ ಆ ಪಿಟೀಲನ್ನು ಕೇಳಿದಷ್ಟು ಭಯಭಕ್ತಿಯಿಂದ ಯಾವ ಸಂಗೀತವನ್ನೂ ಕೇಳಿರಲಿಲ್ಲ. ಕೊನೆಗೆ ಒಬ್ಬಾಕೆ, ಹಣ ಹೋಗಿಲ್ಲ, ಖಾತೆ ತಡೆಹಿಡಿದಿದ್ದೇವೆ, ಖಾತೆದಾರರೇ ಬ್ಯಾಂಕಿಗೆ ಬಂದು ಬಿಡಿಸಿಕೊಳ್ಳಬೇಕು ಎಂದಳು.

ಆಮೇಲೆ ಮೇಘನಾ ವಿಡಿಯೊ ಹಾಕಿ ನಡುವೆ ನಿಲ್ಲಿಸಿದಳು. ಸೆರಗಿನ ಹಿಂದೆ ಗೋಡೆ. ಹೊಸ ಮೊಬೈಲಿನ ಕ್ಯಾಮೆರಾ ಒಳ್ಳೆಯದು. ಪೆನ್ಸಿಲಿನ ಒಂದು ಗೀರನ್ನೂ ಬಿಟ್ಟಿರಲಿಲ್ಲ. ಅವಳು ವಿಡಿಯೊವನ್ನೇ ಅಳಿಸಿದಳು.

"ನೀ ಅಳಿಸ್ದೆ ಕಣವ್ವ," ಎಂದ ರಾಮಲಿಂಗಯ್ಯ. "ನೋಡ್ದೋರು ಬರ್ಕಂಡಿದ್ರೆ?"

ಚಿಕ್ಕತಾಯಮ್ಮ ಅವತ್ತು ನಲ್ಲಿಗೆ ಹೋಗಲಿಲ್ಲ.

ರಾಮಲಿಂಗಯ್ಯ ಊಟ ಬಿಟ್ಟು ಬ್ಯಾಂಕಿಗೆ ಹೋದ. ದಾರಿಯಲ್ಲಿ ಮೊಬೈಲ್ ಹಿಡಿದವರೆಲ್ಲ ತನ್ನನ್ನೇ ನೋಡಿದಂತಾಯಿತು. ಬ್ಯಾಂಕಿನಲ್ಲಿ ಕಿಷ್ಕಿಂಧೆ, ಅವನ ಬೆನ್ನ ಹಿಂದೆಯೇ ಇಪ್ಪತ್ತು ಜನ. ಕೊಟ್ಟ ಫಾರಮ್ಮನ್ನು ಪರೀಕ್ಷೆಗೆ ಕೂತ ಹುಡುಗನಂತೆ ಎಡಗೈಯಲ್ಲಿ ಮರೆಮಾಡಿಕೊಂಡು ತುಂಬಿದ. ಮಡಿಚಿ, ಕಿಟಕಿಯೊಳಗೆ ಗುಮಾಸ್ತನ ಕೈಗೇ ಇಟ್ಟ. ಗುಮಾಸ್ತ ಅದನ್ನು ಬಿಡಿಸಿ, ಆಚೆ ಮೇಜಿನ ಮೇಡಮ್ಮಿಗೆ ಕೇಳಿಸುವಂತೆ ಗಟ್ಟಿಯಾಗಿ ಓದತೊಡಗಿದ: "ರಾಮಲಿಂಗಯ್ಯ, ಆಧಾರ್ ಎಂಟು, ನಾಲ್ಕು, ಒಂದು..."

"ಸಾ, ಮೆಲ್ಲುಗೆ," ಎಂದ ರಾಮಲಿಂಗಯ್ಯ.

ಗುಮಾಸ್ತ ತಪ್ಪು ತಿಳಿದು, ನಿಧಾನವಾಗಿ, ಬಿಡಿಸಿ ಬಿಡಿಸಿ, ಮೊದಲಿನಿಂದ ಓದಿದ.

ಹಿಂದೆ ನಿಂತಿದ್ದ ಮುಳ್ಳೂರಿನ ಚನ್ನಾಜಮ್ಮ ಎಂಬಾಕೆ ಮುಂದೆ ಬಾಗಿ, "ನಮ್ದೂ ಎಂಟ್ರಿಂದ್ಲೇ ಸುರು ಕಣಣ್ಣ," ಎಂದು ಸಂತೋಷದಿಂದ ಹೇಳಿದಳು. "ಎಂಟು, ಎಂಟು, ಆರು..."

"ಬ್ಯಾಡ ಕಣವ್ವ," ಎಂದ ರಾಮಲಿಂಗಯ್ಯ. ಅವನ ಕಣ್ಣು ಸಾಲಿನ ಕೊನೆಯ ತನಕ ಒಬ್ಬೊಬ್ಬರ ಕೈಯನ್ನೂ ನೋಡಿಕೊಂಡು ಬಂತು. "ನಿನ್ನ ದಮ್ಮಯ್ಯ, ಯೋಳ್ಬ್ಯಾಡ."