ಹಸಿ ತೇಪೆ

ಗೌರಿ ಹಬ್ಬದ ಬಾಗಿನ ಹಿಡಿದುಕೊಂಡು ಅಪ್ಪಯ್ಯ ಸೀತೂರಿನಿಂದ ಬರುವವನಿದ್ದ. ಅಷ್ಟರೊಳಗೆ ಗೋಡೆ ಸರಿಯಾಗಬೇಕೆಂದು ನನ್ನ ಗಂಡ ಪ್ರದೀಪ ತನ್ನ ಮೊಬೈಲ್ ಕರೆನ್ಸಿ ಅಂಗಡಿಗೂ ಹೋಗದೆ ಬ್ರಷ್ ಹಿಡಿದು ನಿಂತಿದ್ದ. ಮದುವೆಯಾದ ಮೇಲೆ ಮನೆಗೆಲಸ ಅಂತ ಆ ಮಹಾಶಯ ಮಾಡಿದ್ದು ಅದೊಂದೇ.

ಹಿಂದಿನ ವಾರ ಅವನು ನನ್ನ ತಲೆಗೆ ಗುರಿಯಿಟ್ಟು ಹಿತ್ತಾಳೆ ಚೊಂಬು ಎಸೆದಿದ್ದ. ಸಾರಿಗೆ ಉಪ್ಪು ಜಾಸ್ತಿಯಾಗಿತ್ತಂತೆ. ನಾನು ಬಗ್ಗಿದೆ. ಚೊಂಬು ಗೋಡೆಗೆ ಬಡಿದು ಅಂಗೈಯಗಲದ ಗಾರೆ ಕಿತ್ತು ಬಂತು.

"ಅವಳ ಮೇಲೆ ಕೈ ಎತ್ತಿದ ಅಂತ ಗೊತ್ತಾದ ದಿನವೇ ಮಗಳನ್ನ ಕರ್ಕಂಡು ಹೋಗ್ತೀನಿ" ಎಂದು ಮದುವೆ ಮಾತುಕತೆಯಲ್ಲಿ ಅಪ್ಪಯ್ಯ ಎಲ್ಲರ ಮುಂದೆ ಹೇಳಿದ್ದ. ಪ್ರದೀಪ ಹೆದರುತ್ತಿದ್ದದ್ದು ಆ ಮಾತೊಂದಕ್ಕೇ. ಅದರಿಂದಲೇ ಅವನ ಸಿಟ್ಟು ಪಾತ್ರೆ ಎಸೆಯುವುದರಲ್ಲಿ ಮುಗಿಯುತ್ತಿತ್ತು, ನನ್ನ ಮೈ ಮುಟ್ಟುತ್ತಿರಲಿಲ್ಲ.

ಡಬ್ಬ ಕೊಡುವಾಗಲೇ ಬಣ್ಣದಂಗಡಿಯ ವಾಸಪ್ಪ ಹೇಳಿದ್ದರಂತೆ, "ಮಳೆಗಾಲ ಮಾರಾಯ, ಸಿಮೆಂಟು ಪೂರ್ತಿ ಒಣಗ್ಲಿ. ಹಸಿ ಮೇಲೆ ಬಳಿದ್ರೆ ಕಲೆ ಎದ್ದು ಕಾಣ್ತದೆ." ಕೇಳುವ ಆಸಾಮಿಯೇ ಇವನು? ಗಾರೆ ಕಿತ್ತ ಜಾಗಕ್ಕೆ ಸಿಮೆಂಟು ಮೆತ್ತಿ ಟೇಬಲ್ ಫ್ಯಾನ್ ಇಟ್ಟ, ಕರೆಂಟು ಹೋಯಿತು. "ಇನ್ನೆಂತ ಕಾಯೋದು" ಎಂದು ಹಸಿಯ ಮೇಲೇ ಬಳಿದ. ತಿಳಿಹಸಿರು ಗೋಡೆಯಲ್ಲಿ ತೇಪೆ ಮಾತ್ರ ಹೆಪ್ಪುಗಟ್ಟಿದ ರಕ್ತದ ಹಾಗೆ ಕಪ್ಪಗೆ ಕಂಡಿತು. ನನಗೆ ಒಳಗೊಳಗೇ ಖುಷಿ. ನನಗಂತೂ ಬಾಯಿ ಬಿಡುವ ಧೈರ್ಯವಿಲ್ಲ, ಗೋಡೆಯೇ ಹೇಳಲಿ ಅಂದುಕೊಂಡೆ. ಎರಡು ಸೀರೆಗಳನ್ನು ಬ್ಯಾಗಿಗೆ ತುಂಬಿಟ್ಟೆ.

ಅಪ್ಪಯ್ಯ ಬರುವಾಗ ಪ್ರದೀಪ ಹಾಲು ತರಲು ಹೋಗಿದ್ದ. ಕಾಲು ತೊಳೆಯಲು ಆ ನೆಗ್ಗಿದ ಚೊಂಬಿನಲ್ಲೇ ನೀರು ಕೊಟ್ಟೆ. ಮದುವೆಗೆಂದು ಅಪ್ಪಯ್ಯನೇ ಕೊಪ್ಪದಿಂದ ಆರಿಸಿ ತಂದಿದ್ದ ಚೊಂಬು. ನೆಗ್ಗಿದ ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಒಳಗೆ ಬಂದು ತೇಪೆಯ ಮೇಲೆ ಅಂಗೈ ಇಟ್ಟ. ತೇಪೆ ನನ್ನ ತಲೆಯ ಎತ್ತರಕ್ಕಿತ್ತು. ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಈಗ ಕೇಳುತ್ತಾನೆ ಅಂದುಕೊಂಡೆ.

ಅಪ್ಪಯ್ಯ ಕೈಗೆ ಹತ್ತಿದ ಬಣ್ಣವನ್ನು ಟವೆಲಿಗೆ ಒರೆಸಿಕೊಂಡ.

"ಹಸಿ ಇರುವಾಗ ಬಣ್ಣ ಬಳೀಬಾರ್ದು ಮಗಾ. ಬಿಸಿಲು ಬಂದ್ಮೇಲೆ ಇನ್ನೊಂದ್ಸಲ ಬಳಿಸಿ" ಎಂದ. ಆಮೇಲೆ ನನ್ನ ಮುಖ ನೋಡದೆ, "ನಿನ್ನ ತಂಗಿಗೆ ಶೃಂಗೇರಿ ಕಡೆ ಸಂಬಂಧ ಕೂಡಿ ಬರ್ತಾ ಅದೆ. ಈಗ ನೀನು ಮನೆಗೆ ಬಂದು ಕೂತ್ರೆ ಜನ ನಾಲ್ಕು ಮಾತಾಡ್ತಾರೆ. ಸ್ವಲ್ಪ ಹೊಂದ್ಕಂಡು ಹೋಗು" ಎಂದ.

ಪ್ರದೀಪ ಬಂದ ಮೇಲೆ ಅಪ್ಪಯ್ಯ ಕಾಫಿ ಕುಡಿದ, ಬಾಗಿನ ಕೊಟ್ಟ, ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟ.

ಅಪ್ಪಯ್ಯನನ್ನು ಬಸ್ಸು ಹತ್ತಿಸಿ ಬಾಳೆಹೊನ್ನೂರಿನ ಬಸ್‌ಸ್ಟ್ಯಾಂಡಿನಿಂದ ವಾಪಸು ಬಂದ ಪ್ರದೀಪ ಬಾಗಿಲಲ್ಲೇ ನಿಂತು ಕೇಳಿದ, "ಮಾವಂಗೆ ಎಂತದೂ ಗೊತ್ತಾಗ್ಲಿಲ್ಲ ಅಲ್ದಾ?" ದನಿಯಲ್ಲಿ ಹೆದರಿಕೆ ಇನ್ನೂ ಇತ್ತು. ಗೊತ್ತಾಗಿಯೂ ಸುಮ್ಮನೆ ಹೋದ ಎಂದುಬಿಟ್ಟರೆ ನಾಳೆಯಿಂದ ಇವನ ಕೈ ತಡೆಯುವವರು ಯಾರು? ಅಪ್ಪಯ್ಯನ ಮೇಲೆ ಆಗ ಬಂದಷ್ಟು ಸಿಟ್ಟು ನನಗೆ ಪ್ರದೀಪನ ಮೇಲೂ ಯಾವತ್ತೂ ಬಂದಿರಲಿಲ್ಲ.

"ಇಲ್ಲ, ಗೊತ್ತಾಗ್ಲಿಲ್ಲ" ಎಂದೆ. "ಗೊತ್ತಾಗಿದ್ರೆ ನನ್ನನ್ನ ಇಲ್ಲಿ ಬಿಟ್ಟು ಹೋಗ್ತಿದ್ನಾ?"