ಹಮ್ಮಾಮಿನ ಗೋಡೆಯ ಜೀರುಂಡೆಗಳು

ಊರವರೆಲ್ಲ ಸ್ನಾನಕ್ಕೆ ಹೋಗುವ ಹಾಜಿ ಮೀಲೂದನ ಹಮ್ಮಾಮಿಗೂ ನನ್ನ ಮನೆಗೂ ಒಂದೇ ಗೋಡೆ. ಅವನ ಬಿಸಿನೀರಿನ ಕೊಳವೆ ಸೋರಿ ಸೋರಿ ನನ್ನ ಒಳಕೋಣೆ ಒದ್ದೆಮುದ್ದೆ. ಕತ್ತಲು, ತೇವ, ಸಾಲದ್ದಕ್ಕೆ ಬೆಚ್ಚಗೆ ಬೇರೆ. ಜೀರುಂಡೆಗಳಿಗೆ ಇನ್ನೇನು ಬೇಕು? ಹಿಟ್ಟಿನ ಡಬ್ಬದ ಮುಚ್ಚಳ ತೆಗೆದರೆ ಮುಖಕ್ಕೇ ನೆಗೆಯುತ್ತಿದ್ದವು.

ಒಂದು ವರ್ಷ ಅವನ ಮನೆ ಬಾಗಿಲು ತಟ್ಟಿದೆ.

"ಹಾಜಿಗಳೇ, ಆ ಕೊಳವೆ ಸರಿ ಮಾಡ್ಸಿ."

"ಏನಮ್ಮಾ ರಕಿಯಾ, ಜೀರುಂಡೆ ನಿನ್ನ ತಿಂದ್ಬಿಡುತ್ತಾ? ಪಾಪ, ಹಾಡ್ಕೊಂಡಿರ್ತವೆ. ಒಂಚೂರು ಸುಣ್ಣ ಚೆಲ್ಲು."

ತಿನ್ನುವುದಿಲ್ಲವಂತೆ! ನಾನು ಮದುಮಗಳು ತೊಡುವ ಉದ್ದ ನಿಲುವಂಗಿ ಕಫ್ತಾನಿಗೆ ರೇಷ್ಮೆ ಗುಂಡಿ ಹೆಣೆಯುವವಳು. ಇಡೀ ಸೆಫ್ರೂ ಊರಿನಲ್ಲಿ ರಕಿಯಾಳ ಕೈಗೆ ಕೊಟ್ಟ ಬಟ್ಟೆ ಕೆಟ್ಟಿತು ಎಂದವರಿಲ್ಲ. ಆ ಹೆಸರು ಹೋದರೆ ನನ್ನ ರೊಟ್ಟಿಯೂ ಹೋಯಿತು. ಮದುವೆ ಗೊತ್ತಾಗಿದ್ದ ಹುಡುಗಿ ವಿದಾದಳ ದಾಳಿಂಬೆ ಬಣ್ಣದ ಕಫ್ತಾನು ಬೆಳಕಿಗೆ ಮಾಸೀತೆಂದು ಅದೇ ಕತ್ತಲ ಕೋಣೆಯಲ್ಲಿ ಜೋಪಾನ ಮಾಡಿದ್ದೆ. ನನ್ನ ಬುದ್ಧಿಗೆ ಬೆಂಕಿ ಹಾಕ!

ಮದುವೆಗೆ ಮೂರು ದಿನವಿರುವಾಗ ವಿದಾದ್ ಬಂದಳು. ಬಟ್ಟೆ ಬಿಡಿಸಿದೆ. ಗುಂಡಿಗಳು ಹಾಗೇ ಇದ್ದವು, ಎಡತೋಳು ಮಾತ್ರ ಜರಡಿಯಾಗಿತ್ತು. ಮಡಿಕೆಯಿಂದ ಎರಡು ಜೀರುಂಡೆ ಹಾರಿದವು. ನನಗೆ ಮೈಯೆಲ್ಲ ಉರಿದುಹೋಯಿತು.

ಹುಡುಗಿ ಅಳಲಿಲ್ಲ. ಗೋಡೆ ಮುಟ್ಟಿ ನೋಡಿದಳು, ಬೆರಳು ಒದ್ದೆಯಾಯಿತು.

"ಚಿಕ್ಕಮ್ಮ, ನಾಳೆ ಆ ಹಮ್ಮಾಮಲ್ಲೇ ನನ್ನ ಮದುವೆ ಸ್ನಾನ. ಮದುಮಗಳ ಬಕೆಟ್ಟನ್ನ ಯಾರೂ ಇಣುಕಿ ನೋಡಲ್ಲ. ಇವನ್ನ ಎಷ್ಟು ಹಿಡಿದುಕೊಡ್ತೀರಾ?"

ಒಂದು ಮಡಕೆ ತುಂಬ ಹಿಡಿದುಕೊಟ್ಟೆ.

ಮರುದಿನ ಮಧ್ಯಾಹ್ನ ಹಾಜಿ ನನ್ನ ಬಾಗಿಲು ಗುದ್ದಿದ.

"ಬಟ್ಟೆ ಬದಲಾಯ್ಸೋ ಕೋಣೆ ತುಂಬ ಜೀರುಂಡೆ! ಹೆಂಗಸ್ರೆಲ್ಲ ಕಿರಚ್ಕೊಂಡು ಹೋದ್ರು, ಇನ್ನು ಈ ಕಡೆ ತಲೆ ಹಾಕಲ್ವಂತೆ!"

"ಪಾಪ, ಹಾಡ್ಕೊಂಡಿರ್ತವೆ ಹಾಜಿಗಳೇ. ಒಂಚೂರು ಸುಣ್ಣ ಚೆಲ್ಲಿ."

ಸಂಜೆಯೊಳಗೆ ಕೊಳವೆ ರಿಪೇರಿಯಾಯಿತು. ಬರೀ ಒಂದು ಗಂಟೆಯ ಕೆಲಸ! ಅದನ್ನು ನೋಡಿ ನನ್ನ ಸಿಟ್ಟು ಇಳಿಯುವುದಿರಲಿ, ಇನ್ನೂ ಏರಿತು.

ತೋಳಿಗೆ ತೇಪೆ ಹಾಕುತ್ತೇನೆಂದರೆ ವಿದಾದ್ ಕೇಳಲಿಲ್ಲ. ಹಾಗೇ ತೊಟ್ಟು ಮದುವೆಗೆ ಕೂತಳು. ಹಾಜಿಯ ಹೆಂಡತಿ ಬಗ್ಗಿ ನೋಡಿ, "ಯಾರ ಕೆಲಸವೇ ಇದು?" ಎಂದು ಮೂಗು ಮುರಿದಳು.

ವಿದಾದ್ ತೋಳೆತ್ತಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು:

"ಗುಂಡಿ ರಕಿಯಾ ಚಿಕ್ಕಮ್ಮಂದು. ತೂತು ನಿಮ್ಮ ಯಜಮಾನರದು."